ಸ್ಕೋಪ್ ಅಂದ್ರೆ ದುರ್ಬೀನಲ್ಲ ಮಾರಾಯ್ರೇ

ಮೊನ್ನೆ ಸಂಜೆ ಆರೂಕಾಲರ ಹೊತ್ತಿಗೆ ಬದು ಎಲ್ಲಾದ್ರೂ ಒಡೆದಿದೆಯಾ ಅಂತ ನೋಡೋಕೆ ಕೆಳಗಿನ ಗದ್ದೆಗೆ ಹೋಗಿದ್ದೆ. ವಾಪಸ್ ಬರುವಾಗ ಪಕ್ಕದ ಗದ್ದೆಯ ಅಟ್ಟಣೆಯಿಂದ ನಮ್ಮ ನೆರೆಮನೆ ಹುಡುಗ ಕೂಗಿದ, “ಅಣ್ಣಾ, ನಿಮ್ಮನ್ನ ಆಗ್ಲೇ ಸ್ಕೋಪಲ್ಲಿ ನೋಡ್ದೆ. ಮೊದ್ಲು ಹಂದಿ ಅನ್ಕೊಂಡೆ. ಏನ್ ಕ್ಲಿಯರ್ ಅಂತೀರಾ!”

ಅವನಿಗೆ ಖುಷಿ. ನನಗೆ ಕಾಲು ನಡುಗಿತು. ಸ್ಕೋಪಲ್ಲಿ ನನ್ನನ್ನು ನೋಡಿದ ಅಂದ್ರೆ ತುಂಬಿದ ಕೋವಿಯ ನಳಿಗೆ ಅಷ್ಟು ಹೊತ್ತು ನನ್ನ ಎದೆ ಕಡೆಗೇ ಇತ್ತು ಅಂತ ಅರ್ಥ.

ಹುಡುಗ ಕೆಟ್ಟವನಲ್ಲ. ಅಪ್ಪನ ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿ ನಳಿಗೆ ಕೋವಿಗೆ ಹದಿನಾಲ್ಕು ಸಾವಿರದ 6-24x50 ಸ್ಕೋಪ್ ತರಿಸಿ, ವೆಲ್ಡಿಂಗ್ ಅಂಗಡೀಲಿ ಕ್ಲಾಂಪ್ ಮಾಡಿಸಿ ಕೂರಿಸಿದ್ದಾನೆ. ಈ ವರ್ಷ ನಮ್ಮ ಸುತ್ತಮುತ್ತ ಇಂಥದ್ದು ಇನ್ನೂ ಮೂರು ನೋಡಿದ್ದೀನಿ. ಅದಕ್ಕೇ ಬರೀತಿದ್ದೀನಿ. ಬೇಜಾರಾದ್ರೆ ಆಗ್ಲಿ.

ಮೊದಲು ದುಡ್ಡಿನ ಮಾತು. 12 ಬೋರಿನ ಚರೆ ನಳಿಗೆಯಿಂದ ಹೊರಬಿದ್ದ ಮೇಲೆ ಹರಡ್ತಾ ಹೋಗುತ್ತೆ. ಅದರ ಆಟ ಮೂವತ್ತೈದು ನಲವತ್ತು ಮೀಟರ್ ಒಳಗೆ. ಅಷ್ಟು ದೂರಕ್ಕೆ ನಳಿಗೆ ತುದಿಯ ಮಣಿ ಸಾಕು. ಹರಡೋ ಚರೆಗೆ ಇಪ್ಪತ್ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸೋ ಗಾಜು ಯಾಕೆ? ಬೀಜ ಎರಚೋಕೆ ಸೂಜಿ ಹಿಡಿದಂಗಾಯ್ತು.

ಇನ್ನು ಆ ನಂಬರ್. 6-24x50 ಅಂದ್ರೆ ಆರರಿಂದ ಇಪ್ಪತ್ನಾಲ್ಕು ಪಟ್ಟು, ಮುಂದಿನ ಗಾಜು 50 ಮಿ.ಮೀ. ಐವತ್ತನ್ನ ಇಪ್ಪತ್ನಾಲ್ಕರಿಂದ ಭಾಗಿಸಿ, ಎರಡು ಚಿಲ್ಲರೆ ಮಿ.ಮೀ. ಬರುತ್ತೆ. ಕಣ್ಣಿಗೆ ಬಂದು ಬೀಳೋ ಬೆಳಕಿನ ವೃತ್ತ ಅಷ್ಟೇ. ಮುಸ್ಸಂಜೆಗೆ ನಮ್ಮ ಕಣ್ಣಿನ ಪಾಪೆ ಐದಾರು ಮಿ.ಮೀ. ಅರಳಿರುತ್ತೆ. ಹಾಗಾಗಿ ಪಟ್ಟು ಏರಿಸಿದಷ್ಟೂ ಚಿತ್ರ ಮಬ್ಬು, ಕಾಣೋ ಜಾಗ ಕಿರಿದು, ಕೈ ನಡುಕ ದೊಡ್ಡದು. ಸಾಧಾರಣ 4x32ರಲ್ಲಿ ಅದೇ ವೃತ್ತ 8 ಮಿ.ಮೀ. ದೊಡ್ಡ ನಂಬರ್ ಅಂದ್ರೆ ಒಳ್ಳೆ ಸ್ಕೋಪ್ ಅನ್ನೋದು ಮಾರೋರ ಲೆಕ್ಕ.

“ನಿಮಗೇನು, ಹಂದಿ ಕಾಟ ಗೊತ್ತಿಲ್ವಾ” ಅಂತೀರಿ. ಗೊತ್ತು. ಹಾಲುಗಾಳು ಕಟ್ಟಿದ ಅರ್ಧ ಎಕರೆ ಒಂದೇ ರಾತ್ರಿ ಹೋಗಿದೆ ನಂದು. ಆದ್ರೆ ಬೆಳೆ ರಕ್ಷಣೆ ಲೈಸೆನ್ಸ್ ಬೇಟೆ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಂದಿಯೂ ಪಟ್ಟಿಯಲ್ಲಿದೆ. ನಿಂತ ಬೆಳೆಗೆ ಅಪಾಯ ಅಂತ ಅದೇ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಅರಣ್ಯ ಇಲಾಖೆಯ ಅಧಿಕಾರಿಯಿಂದ ಬರಹದಲ್ಲಿ ಅನುಮತಿ ಪಡೆಯೋ ದಾರಿ ಇದೆ. ನಾವು ಹತ್ತು ಜನ ಸೇರಿ ಅರ್ಜಿ ಹಿಡಿದು ಕೂರಬೇಕಾದ್ದು ಅಲ್ಲಿ. ಅದು ಬಿಟ್ಟು ಅಟ್ಟಣೆ ಮೇಲೆ ಗಾಜು ತಿರುಗಿಸ್ತಾ ಕೂತ್ರೆ ಬೆಳೆಯೂ ಉಳಿಯಲ್ಲ, ಕೇಸೂ ತಪ್ಪಲ್ಲ.

ಹಾಗಾದ್ರೆ ಸ್ಕೋಪೇ ಬೇಡ್ವಾ? ಗುರಿ ಅಭ್ಯಾಸಕ್ಕೆ ಬೇಕಾದ್ರೆ ತಗೊಳ್ಳಿ. ಕೊಡಗಿನಲ್ಲಿ ಕೈಲ್‌ಪೊಳ್ದ್ ಸಮಯಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ ನೋಡಿ ನಮ್ಮ ಹುಡುಗರಿಗೂ ಆಸೆ ಹುಟ್ಟಿದೆ, ಒಳ್ಳೇದೇ. ಏರ್‌ಗನ್ನಿಗೋ .22 ರೈಫಲ್ಲಿಗೋ ಆದ್ರೆ 4x32 ಅಥವಾ 3-9x40 ಧಾರಾಳ ಆಯ್ತು. ಸ್ಪ್ರಿಂಗ್ ಏರ್‌ಗನ್ ಹಿಂದಕ್ಕೂ ಮುಂದಕ್ಕೂ ಎರಡು ಕಡೆ ಒದೆಯುತ್ತೆ, ಅದಕ್ಕೆಂದೇ ಮಾಡಿದ ಸ್ಕೋಪ್ ಕೇಳಿ. ಬೇರೆಯದು ಹಾಕಿದ್ರೆ ಒಳಗಿನ ಗಾಜು ಸಡಿಲ ಆಗಬಹುದು. ಹತ್ತಿಪ್ಪತ್ತು ಮೀಟರ್ ಗುರಿಗೆ ಪ್ಯಾರಲಾಕ್ಸ್ ಹೊಂದಿಸೋ ಉಂಗುರ ಇರಬೇಕು. ಪರೀಕ್ಷೆ ಸುಲಭ. ಖಾಲಿ ಕೋವಿಯನ್ನ ಮರಳು ಚೀಲದ ಮೇಲಿಟ್ಟು, ಮುಟ್ಟದೆ ತಲೆ ಮಾತ್ರ ಆಚೀಚೆ ಆಡಿಸಿ. ಅಡ್ಡಗೆರೆ ಗುರಿ ಮೇಲೆ ಓಡಾಡಿದ್ರೆ ಆ ದೂರಕ್ಕೆ ಹೊಂದಿಲ್ಲ ಅಂತ. ಮೌಂಟಿಗೂ ನಾಲ್ಕು ಕಾಸು ಇಡಿ, ಅದು ಅಲುಗಿದ್ರೆ ಎಂಥಾ ಸ್ಕೋಪೂ ದಂಡ.

ಅದಕ್ಕೂ ಮೊದಲು ಬರಿಗಣ್ಣಲ್ಲಿ ಹೊಡೆಯೋದು ಕಲೀರಿ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗಲ್ಲಿ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್ಲಿನಲ್ಲಿ. ಅಲ್ಲಿ ನಡುವಿನ ಚುಕ್ಕೆ ಅರ್ಧ ಮಿ.ಮೀ. ಆ ಆಟದಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ, ತೂತಿನ ಗುರಿಯಲ್ಲೇ ಹೊಡೀಬೇಕು.

ಕೊನೇ ಮಾತು. ಕತ್ತಲಲ್ಲಿ ಅಲ್ಲಾಡಿದ್ದು ಏನು ಅಂತ ತಿಳಿಯೋಕೆ ಟಾರ್ಚ್ ಇದೆ, ದುರ್ಬೀನಿದೆ, “ಯಾರದು?” ಅಂತ ಕೂಗೋಕೆ ಬಾಯಿದೆ. ಕೋವಿ ಎತ್ತೋದು ಅದು ಏನಂತ ಗೊತ್ತಾದ ಮೇಲೆ, ಗೊತ್ತು ಮಾಡ್ಕೊಳ್ಳೋಕಲ್ಲ. ನಮ್ಮ ಗದ್ದೆ ಬದುವಿನ ಮೇಲೆ ರಾತ್ರಿ ಓಡಾಡೋರು ನಾವೇ, ನಮ್ಮ ಹೆಂಡ್ತಿ ಮಕ್ಕಳೇ, ಕೆಲಸಕ್ಕೆ ಬಂದೋರೇ.

ಹುಡುಗನ ಅಪ್ಪನ ಹತ್ರ ಮಾತಾಡಿದ್ದೀನಿ, ಸ್ಕೋಪ್ ಬಿಚ್ಚಿಸಿದ್ದಾರೆ. ಇನ್ನೂ ಮೂರು ಉಳಿದಿವೆ. ಯಾರ್‍ಯಾರದು ಅಂತ ನಿಮಗೂ ಗೊತ್ತು.