ಅರಸನ ಅಧಿಕಾರಕ್ಕೆ ಅಂಕೆ



ರಾಜನಿದ್ದ ಮಾತ್ರಕ್ಕೆ ನಾಡಿನಲ್ಲಿ ನಿರಂಕುಶ ಆಳ್ವಿಕೆಯಿರುವುದೆಂದಾಗಲಿ, ರಾಜನಿಲ್ಲದ ಮಾತ್ರಕ್ಕೆ ಪ್ರಜೆಯ ಮಾತು ನಡೆಯುವುದೆಂದಾಗಲಿ ಹೇಳಲಾಗದು. ಇಂಗ್ಲೆಂಡ್, ಜಪಾನ್, ಭೂತಾನಗಳಲ್ಲಿ ಇಂದಿಗೂ ಸಿಂಹಾಸನವಿದೆ. ಆದರೆ ಅದರ ಮೇಲೆ ಶಾಸನದ ಅಂಕೆಯೂ ಇದೆ. 2008ರಲ್ಲಿ ಜಾರಿಗೆ ಬಂದ ಭೂತಾನದ ಸಂವಿಧಾನವು, ಉತ್ತರಾಧಿಕಾರಿಯು ಪ್ರಾಪ್ತವಯಸ್ಕನಾಗಿದ್ದರೆ ಅರಸನು 65ನೆಯ ವಯಸ್ಸಿಗೆ ಪಟ್ಟವನ್ನು ತ್ಯಜಿಸಬೇಕೆಂದು ವಿಧಿಸಿದೆ. ಇಂತಹ ವ್ಯವಸ್ಥೆಗೆ ಸಂವಿಧಾನಬದ್ಧ ರಾಜಪ್ರಭುತ್ವವೆಂದು ಹೆಸರು.

ಈ ಮಾತು ನಮ್ಮ ಹಾಸನ ಸೀಮೆಗೆ ದೂರದ್ದಲ್ಲ. ನಮ್ಮ ಹಿರಿಯರು ಮೈಸೂರು ಸಂಸ್ಥಾನದ ಪ್ರಜೆಗಳಾಗಿದ್ದರು. 1831ರಲ್ಲಿ ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡಿದ್ದ ಆಡಳಿತವು 1881ರ ಮಾರ್ಚ್ ತಿಂಗಳಲ್ಲಿ ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಸಲಹೆಯಂತೆ ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾಯಿತು. ಪ್ರತಿ ತಾಲ್ಲೂಕಿನಿಂದ ಒಬ್ಬರು ಅಥವಾ ಇಬ್ಬರು ಹಿಡುವಳಿದಾರ ರೈತರು, ಪ್ರತಿ ಜಿಲ್ಲೆಯಿಂದ ಮೂರ್ನಾಲ್ಕು ಮಂದಿ ವರ್ತಕರು ಎಂಬುದು ಅಂದಿನ ಏರ್ಪಾಡು. ಅಕ್ಟೋಬರಿನಲ್ಲಿ ದಸರೆಯ ಕಾಲಕ್ಕೆ ಮೈಸೂರಿನಲ್ಲಿ ಸೇರಿದ ಮೊದಲ ಸಭೆಯಲ್ಲಿ 144 ಸದಸ್ಯರಿದ್ದರು. ದಿವಾನರು ವರ್ಷದ ಆಯವ್ಯಯವನ್ನು ಅವರ ಮುಂದೆ ಓದಿ ಹೇಳಿದರು.

ಇದರ ಮಹತ್ವವನ್ನು ಗಮನಿಸಬೇಕು. ಮಲ್ಲಿಪಟ್ಟಣದಂತಹ ಹೋಬಳಿಯ ರೈತನಿಗೆ ಅದುವರೆಗೆ ಸರ್ಕಾರವೆಂದರೆ ಶಾನುಭೋಗರು, ಅಮಲ್ದಾರರು, ಕಂದಾಯದ ಕಂತು. ತಾನು ತೆತ್ತ ಕಂದಾಯ ಎತ್ತ ಹೋಯಿತೆಂದು ಕೇಳುವ ಸ್ಥಳವೇ ಇರಲಿಲ್ಲ. ಈಗ ತನ್ನಂತೆಯೇ ಉಳುವವನೊಬ್ಬನು ರಾಜಧಾನಿಯಲ್ಲಿ ದಿವಾನರ ಎದುರು ನಿಂತು ಕೆರೆ, ರಸ್ತೆ, ಕಂದಾಯಗಳ ಮಾತನ್ನು ಆಡಬಹುದಾಯಿತು.

ಆದರೆ ಕೇಳಿಸಿಕೊಳ್ಳುವುದು ಬೇರೆ, ಕೇಳಿದ್ದಕ್ಕೆ ಕಟ್ಟುಬೀಳುವುದು ಬೇರೆ. ಆರಂಭದಲ್ಲಿ ಸಭೆಗೆ ಶಾಸನ ಮಾಡುವ ಅಧಿಕಾರವಾಗಲಿ, ದಿವಾನರನ್ನು ತೆಗೆಯುವ ಅಧಿಕಾರವಾಗಲಿ ಇರಲಿಲ್ಲ. ಅರಸನ ಔದಾರ್ಯದಿಂದ ಬಂದದ್ದು ಅರಸನ ಇಚ್ಛೆಯಿಂದಲೇ ಹೋಗಬಹುದಾಗಿತ್ತು. ಕ್ರಮೇಣ ಆ ಕೊರತೆ ತುಸು ನೀಗಿತು. 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನ್ಯಾಯವಿಧಾಯಕ ಸಭೆಯು ಹುಟ್ಟಿತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಬಲ ದೊರೆಯಿತು. ಹೊಸ ತೆರಿಗೆ ಹಾಕುವ ಮುನ್ನ ಅದರ ಅಭಿಪ್ರಾಯ ಕೇಳಬೇಕೆಂಬ ನಿಯಮವಾಯಿತು. ಸ್ತ್ರೀಯರಿಗೂ ಮತಾಧಿಕಾರದ ಬಾಗಿಲು ತೆರೆಯಿತು. ಇಷ್ಟಾದರೂ ದಿವಾನರನ್ನು ನೇಮಿಸುವವರು ಮಹಾರಾಜರೇ. ಅವರ ಮೇಲೆ ಬ್ರಿಟಿಷ್ ಸಾರ್ವಭೌಮತ್ವ. ಮತದಾನದ ಹಕ್ಕಾದರೋ ಆಸ್ತಿ, ವಿದ್ಯೆ ಉಳ್ಳ ಕೆಲವರದು.

ಒಳ್ಳೆಯ ಅರಸನಿದ್ದಾಗ ಅಂಕೆಯೇಕೆ ಎಂದು ಕೇಳುವವರಿದ್ದಾರೆ. ನಾಲ್ವಡಿಯವರ ಆಳ್ವಿಕೆಯ ಉಪಕಾರವನ್ನು ಈ ನಾಡು ಮರೆತಿಲ್ಲ, ಮರೆಯಬಾರದು. ಆದರೆ ಒಳ್ಳೆಯತನವು ವಂಶಪಾರಂಪರ್ಯವಾಗಿ ಬರುವ ಆಸ್ತಿಯಲ್ಲ. ಆದ್ದರಿಂದಲೇ ಪ್ರಜೆಗಳು ಹೊಣೆಗಾರ ಸರ್ಕಾರವನ್ನು ಕೇಳಿದರು. 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆಯಿತು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ರಚನೆಯಾಯಿತು. 1949ರ ನವೆಂಬರಿನಲ್ಲಿ ಜಯಚಾಮರಾಜ ಒಡೆಯರು ಭಾರತದ ಸಂವಿಧಾನವನ್ನು ಅಂಗೀಕರಿಸಿ ಘೋಷಣೆ ಹೊರಡಿಸಿದರು, 1950ರಿಂದ ರಾಜಪ್ರಮುಖರಾದರು, 1956ರಲ್ಲಿ ವಿಶಾಲ ಮೈಸೂರು ರಾಜ್ಯದ ಮೊದಲ ರಾಜ್ಯಪಾಲರಾದರು. ಸಿಂಹಾಸನದಿಂದ ಇಳಿದು ಸಂವಿಧಾನದ ಪೀಠದಲ್ಲಿ ಕುಳಿತುದು ಅವರ ಹಿರಿಮೆಯನ್ನು ಕುಗ್ಗಿಸಲಿಲ್ಲ.

ಇಂದು ಅರಸರಿಲ್ಲ, ಅಧಿಕಾರವಿದೆ. ಪಂಚಾಯಿತಿಯ ಅಧ್ಯಕ್ಷರು, ಸಹಕಾರ ಸಂಘದ ನಿರ್ದೇಶಕರು, ದೇವಾಲಯ ಸಮಿತಿಯ ಧರ್ಮದರ್ಶಿಗಳು, ಮನೆಯ ಯಜಮಾನರು ಎಲ್ಲರ ಕೈಯಲ್ಲಿಯೂ ಅಷ್ಟಿಷ್ಟು ಅಧಿಕಾರವುಂಟು. ಲೆಕ್ಕ ಕೇಳಿದರೆ ಅವಮಾನವೆಂದು ಮುನಿಯುವ ಹಿರಿಯರೂ ಉಂಟು, ಸಂಕೋಚದಿಂದ ಕೇಳದೆ ಉಳಿದು ಹಿಂದಿನಿಂದ ಆಡಿಕೊಳ್ಳುವ ಕಿರಿಯರೂ ಉಂಟು. ಎರಡೂ ಕೇಡೇ. ಒಂದು ಸಂಸ್ಥಾನದ ದಿವಾನರೇ ರೈತರ ಮುಂದೆ ಲೆಕ್ಕ ಓದಿದರೆಂದ ಮೇಲೆ ನಮ್ಮ ಸಂಘಗಳ ಪದಾಧಿಕಾರಿಗಳಿಗೆ ಅದರಲ್ಲಿ ಕುಂದೇನು? ಗ್ರಾಮಸಭೆ ಕರೆದ ದಿನ ಗಂಡಸರೂ ಹೆಂಗಸರೂ ತಪ್ಪದೆ ಹೋಗಬೇಕು. ಕುಳಿತು ಕೇಳಬೇಕು, ತಿಳಿಯದ್ದನ್ನು ವಿನಯದಿಂದ ಪ್ರಶ್ನಿಸಬೇಕು, ಉತ್ತರವನ್ನು ನಡವಳಿಯ ಪುಸ್ತಕದಲ್ಲಿ ಬರೆಸಬೇಕು. ಬಾಯಿಮಾತಿನ ಭರವಸೆಗಿಂತ ಬರೆದಿಟ್ಟ ಕಟ್ಟಳೆಯೇ ಹೆಚ್ಚು ಕಾಲ ಬಾಳುತ್ತದೆ.