ಕಥೆಗೆ ಎಷ್ಟು ಗೆಲಾಕ್ಸಿಗಳು ಬೇಕು?

ವಿಜ್ಞಾನದ ಕಥೆಗಳನ್ನು ಬರೆಯುವ ಹುಮ್ಮಸ್ಸು ನಮ್ಮ ವಿದ್ಯಾರ್ಥಿಗಳಲ್ಲಿ ಮೂಡಿರುವುದು ಸಂತೋಷದ ವಿಷಯ. ಆದರೆ ಅವರು ತಂದು ತೋರಿಸುವ ಹಸ್ತಪ್ರತಿಗಳಲ್ಲಿ ಒಂದು ಚಾಳಿಯನ್ನು ನಾವು ಮತ್ತೆ ಮತ್ತೆ ಕಾಣುತ್ತಿದ್ದೇವೆ. ಮೊದಲ ಅಧ್ಯಾಯದಲ್ಲಿ ಮಂಗಳಗ್ರಹದಲ್ಲಿದ್ದ ನಾಯಕನು ಮೂರನೆಯದರಲ್ಲಿ ದೇವಯಾನಿ ಗೆಲಾಕ್ಸಿಯನ್ನು ಸೇರಿರುತ್ತಾನೆ. ಐದನೆಯದರಲ್ಲಿ ಹೆಸರೂ ಇಲ್ಲದ ಮತ್ತೊಂದು ಗೆಲಾಕ್ಸಿಯಲ್ಲಿ ಯುದ್ಧ ಹೂಡಿರುತ್ತಾನೆ. ತುಮಕೂರಿನಲ್ಲಿ ಬಸ್ಸು ಬದಲಾಯಿಸಿದಷ್ಟೇ ಸಲೀಸು! ಹಲವು ಗೆಲಾಕ್ಸಿಗಳಲ್ಲಿ ಹರಡಿಕೊಳ್ಳುವ ಕಥಾಮಾಲೆಯನ್ನು ಬರೆಯಲೇಬಾರದೆಂದು ನಾವು ಹೇಳುವುದಿಲ್ಲ. ಅಷ್ಟು ದೂರ ಹೋಗುವ ಲೇಖಕನು ಆ ದೂರದ ಬೆಲೆಯನ್ನು ತೆರಬೇಕೆಂದಷ್ಟೇ ನಮ್ಮ ಆಗ್ರಹ.

ಈ ಬಗೆಯ ಸಾಹಸಕಥೆಗಳಿಗೆ ಇಂಗ್ಲಿಷಿನಲ್ಲಿ ‘ಸ್ಪೇಸ್ ಆಪೆರಾ’ ಎಂಬ ಹೆಸರಿದೆ. 1941ರಲ್ಲಿ ವಿಲ್ಸನ್ ಟಕರ್ ಎಂಬ ಅಮೆರಿಕದ ಲೇಖಕ ಹಾಸ್ಯಕ್ಕಾಗಿ ಇಟ್ಟ ಅಡ್ಡಹೆಸರು ಅದು. ಈಗ ಗೌರವದ ಹೆಸರೇ ಆಗಿಬಿಟ್ಟಿದೆ. ಅದರ ಹುಟ್ಟಿಗೂ ಖಗೋಳವಿಜ್ಞಾನಕ್ಕೂ ಹತ್ತಿರದ ನಂಟಿದೆ. ದೇವಯಾನಿಯಲ್ಲಿ ಕಾಣುವ ಮಸುಕಾದ ನೀಹಾರಿಕೆ ನಮ್ಮ ಆಕಾಶಗಂಗೆಯ ಒಳಗಿನದೋ ಹೊರಗಿನದೋ ಎಂಬ ವಿವಾದ ಕಳೆದ ಶತಮಾನದ ಆದಿಯಲ್ಲಿ ಇನ್ನೂ ಬಗೆಹರಿದಿರಲಿಲ್ಲ. 1923ರಲ್ಲಿ ಎಡ್ವಿನ್ ಹಬಲ್ ಮೌಂಟ್ ವಿಲ್ಸನ್ನಿನ 100 ಅಂಗುಲದ ದೂರದರ್ಶಕದಿಂದ ಅದರಲ್ಲೊಂದು ಸೆಫೀಡ್ ನಕ್ಷತ್ರವನ್ನು ಗುರುತಿಸಿದನು. ಅಂಥ ನಕ್ಷತ್ರಗಳ ಬೆಳಕಿನ ಏರಿಳಿತದಿಂದ ದೂರವನ್ನು ಅಳೆಯುವ ಕೀಲಿಯನ್ನು ಹೆನ್ರಿಯೆಟಾ ಲೆವಿಟ್ 1912ರಲ್ಲಿಯೇ ಒದಗಿಸಿದ್ದಳು. ಹೀಗೆ ಆ ನೀಹಾರಿಕೆ ಬೇರೊಂದು ಗೆಲಾಕ್ಸಿಯೆಂದು ಸಿದ್ಧವಾಯಿತು. ಕಥೆಗಾರರು ತಡಮಾಡಲಿಲ್ಲ. ಇ. ಇ. ಸ್ಮಿತ್ತನ ‘ಸ್ಕೈಲಾರ್ಕ್ ಆಫ್ ಸ್ಪೇಸ್’ 1928ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಪ್ರಾರಂಭವಾಯಿತು.

ಇದೇ ಸ್ಮಿತ್ತನ ‘ಲೆನ್ಸ್‌ಮನ್’ ಮಾಲೆಯನ್ನು ನಮ್ಮ ತರುಣರು ಗಮನಿಸಬೇಕು. ಅದರಲ್ಲಿ ಎರಡು ಗೆಲಾಕ್ಸಿಗಳಿವೆ, ಎರಡಕ್ಕೂ ಕಾರಣವಿದೆ. ಎರಡು ನಕ್ಷತ್ರಗಳು ಪರಸ್ಪರ ಸಮೀಪದಲ್ಲಿ ಹಾದಾಗ ಮಾತ್ರ ಗ್ರಹಗಳು ಹುಟ್ಟುತ್ತವೆಂಬ ಜೀನ್ಸನ ವಾದವು ಆ ಕಾಲದಲ್ಲಿ ಮಾನ್ಯವಾಗಿತ್ತು. ಹಾಗಿದ್ದರೆ ಗ್ರಹಗಳು ತೀರ ವಿರಳವಾಗಬೇಕು. ವಿರಳವಾದರೆ ನೂರಾರು ಲೋಕಗಳ ಕಥೆ ಎಲ್ಲಿಂದ ಬರಬೇಕು? ಎರಡು ಗೆಲಾಕ್ಸಿಗಳು ಒಂದರೊಳಗೊಂದು ಹಾದುಹೋದುವೆಂದೂ, ಅದರಿಂದಲೇ ಲೆಕ್ಕವಿಲ್ಲದಷ್ಟು ಗ್ರಹಗಳು ಹುಟ್ಟಿದುವೆಂದೂ ಸ್ಮಿತ್ ಕಲ್ಪಿಸಿದನು. ಜೀನ್ಸನ ವಾದ ಈಗ ಬಿದ್ದುಹೋಗಿದೆ. ಬೇರೆ ಸೂರ್ಯರ ಸುತ್ತ ಐದು ಸಾವಿರಕ್ಕೂ ಮಿಕ್ಕಿ ಗ್ರಹಗಳು ಪತ್ತೆಯಾಗಿವೆ. ಆದರೂ ಸ್ಮಿತ್ತನ ಎರಡನೆಯ ಗೆಲಾಕ್ಸಿ ಕಥೆಯ ತಳಪಾಯದಲ್ಲಿದೆ. ಅದನ್ನು ತೆಗೆದರೆ ಕಥೆ ಕುಸಿಯುತ್ತದೆ.

ಅಂಥ ಘರ್ಷಣೆಯಲ್ಲಿ ನಕ್ಷತ್ರಗಳು ಒಂದಕ್ಕೊಂದು ತಾಗುವುದೂ ಇಲ್ಲ. ಸೂರ್ಯನನ್ನು ಅರ್ಧ ಸೆಂಟಿಮೀಟರಿನ ಮೆಣಸಿನ ಕಾಳೆಂದು ಭಾವಿಸಿ ಬೆಂಗಳೂರಿನಲ್ಲಿಡೋಣ. ಅತ್ಯಂತ ಸಮೀಪದ ಮತ್ತೊಂದು ಕಾಳು ಮೈಸೂರಿನಲ್ಲಿರುತ್ತದೆ! ನಡುವೆ ಎಲ್ಲವೂ ಬಯಲು. ಗೆಲಾಕ್ಸಿಗಳ ಮಾತು ಹಾಗಲ್ಲ. ನಮ್ಮ ಆಕಾಶಗಂಗೆಯ ವ್ಯಾಸ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ, ದೇವಯಾನಿ ಇರುವುದು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ. ಎಂದರೆ ಪಡಸಾಲೆಯ ಎರಡು ತುದಿಗಳಲ್ಲಿಟ್ಟ ಎರಡು ಊಟದ ತಟ್ಟೆಗಳಂತೆ. ಆದ್ದರಿಂದಲೇ ಗೆಲಾಕ್ಸಿಗಳು ಆಗಾಗ ಡಿಕ್ಕಿಹೊಡೆಯುತ್ತವೆ, ನಕ್ಷತ್ರಗಳು ಹೊಡೆಯುವುದಿಲ್ಲ.

ಒಂದೇ ಗೆಲಾಕ್ಸಿ ಸಾಲದೆ? ಆಕಾಶಗಂಗೆಯಲ್ಲಿ ಕಡಿಮೆಯೆಂದರೂ ಹತ್ತು ಸಾವಿರ ಕೋಟಿ ನಕ್ಷತ್ರಗಳಿವೆ. ದಿನಕ್ಕೊಂದರಂತೆ ನೋಡುತ್ತ ಹೋದರೆ 27 ಕೋಟಿ ವರ್ಷಗಳು ಬೇಕು. ಎರಡೂವರೆ ಕೋಟಿ ಜನವಸತಿಯ ಲೋಕಗಳ ಸಾಮ್ರಾಜ್ಯವನ್ನು ಕಲ್ಪಿಸಿದ ಐಸಾಕ್ ಅಸಿಮೋವನು ಅದನ್ನು ಈ ಒಂದರಲ್ಲೇ ಹಿಡಿಸಿದನು.

ಇನ್ನು ಬೆಲೆಯ ವಿಚಾರ. 1977ರಲ್ಲಿ ಹೊರಟ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಆ ವೇಗದಲ್ಲಿ ದೇವಯಾನಿಯಷ್ಟು ದೂರ ಸಾಗಲು 4,400 ಕೋಟಿ ವರ್ಷ ಬೇಕು. ವಿಶ್ವದ ವಯಸ್ಸೇ 1,380 ಕೋಟಿ ವರ್ಷ. ಆದರೆ ಸಾಪೇಕ್ಷತಾ ಸಿದ್ಧಾಂತವು ಕಥೆಗಾರನಿಗೆ ಒಂದು ವಿಚಿತ್ರವಾದ ವರವನ್ನು ಕೊಟ್ಟಿದೆ. ನೌಕೆಯೊಂದು ಭೂಮಿಯ ಗುರುತ್ವದಷ್ಟೇ ವೇಗೋತ್ಕರ್ಷದಿಂದ ಅರ್ಧ ದಾರಿ ಓಡಿ, ಉಳಿದರ್ಧ ದಾರಿಯಲ್ಲಿ ಅದೇ ಪ್ರಮಾಣದಲ್ಲಿ ವೇಗ ಇಳಿಸುತ್ತ ಹೋದರೆ, ಆಕಾಶಗಂಗೆಯ ಕೇಂದ್ರವನ್ನು ತಲುಪುವಾಗ ಪ್ರಯಾಣಿಕನಿಗೆ ಸುಮಾರು 20 ವರ್ಷ ವಯಸ್ಸು ಕೂಡಿರುತ್ತದೆ. ಸುಮಾರು ನೂರು ಪಾಲು ದೂರದ ದೇವಯಾನಿಗೆ? 29 ವರ್ಷ ಸಾಕು! ಅಂಥ ನೌಕೆಗೆ ಬೇಕಾಗುವ ಇಂಧನದ ಲೆಕ್ಕ ಮಾತ್ರ ಎದೆಗೆಡಿಸುವಂಥದು. ಅದನ್ನು ಇಲ್ಲಿ ಬಿಡೋಣ. ಅವನು ದೇವಯಾನಿಯಲ್ಲಿ ಇಳಿಯುವಾಗ ಭೂಮಿಯಲ್ಲಿ 25 ಲಕ್ಷ ವರ್ಷಗಳು ಸಂದಿರುತ್ತವೆ. ಅವನನ್ನು ಕಳುಹಿಸಿದ ದೊರೆಯಿಲ್ಲ, ದೇಶವಿಲ್ಲ, ಅವನಾಡುವ ಭಾಷೆಯಿಲ್ಲ. ‘ಗೆದ್ದೆವು’ ಎಂದು ಅವನು ಕಳುಹಿಸುವ ಸುದ್ದಿ ತಲುಪಲು ಮತ್ತೆ 25 ಲಕ್ಷ ವರ್ಷ. ಇದರ ಮುಂದೆ ಯಾವ ಕಿರಣಾಸ್ತ್ರದ ಯುದ್ಧ ತಾನೆ ದೊಡ್ಡದು? ನಮ್ಮ ಹಸ್ತಪ್ರತಿಗಳ ನಾಯಕನೋ ಐದನೆಯ ಅಧ್ಯಾಯದಿಂದ ತಾಯಿಯ ಕೈಯೂಟಕ್ಕೆ ಹಿಂದಿರುಗುತ್ತಾನೆ.

ಪೋಲ್ ಆಂಡರ್ಸನ್ ತನ್ನ ‘ಟೌ ಜೀರೋ’ ಕಾದಂಬರಿಯನ್ನು (1970) ಈ ಲೆಕ್ಕದ ಮೇಲೆಯೇ ಕಟ್ಟಿದನು. ವೇಗ ಇಳಿಸುವ ಯಂತ್ರ ಕೆಟ್ಟ ನೌಕೆಯೊಂದು ದುರಸ್ತಿಗೆ ತಕ್ಕ ಶೂನ್ಯವನ್ನು ಹುಡುಕುತ್ತ ಗೆಲಾಕ್ಸಿಗಳ ನಡುವಿನ ಬಯಲಿಗೆ ಹೋಗಬೇಕಾಗುತ್ತದೆ.

‘ದೂರವನ್ನು ಕ್ಷಣದಲ್ಲಿ ದಾಟಿಸುವ ಬಾಗಿಲನ್ನು ಕಲ್ಪಿಸಿಕೊಂಡರೆ ತೊಂದರೆಯೇನು?’ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ತೊಂದರೆಯಿಲ್ಲ. ಆದರೆ ದೂರವೇ ಅಳಿದ ಮೇಲೆ ಬೇರೆ ಗೆಲಾಕ್ಸಿಯೂ ಪಕ್ಕದ ಓಣಿಯೂ ಒಂದೇ, ಅಲ್ಲಿಗೇಕೆ ಹೋಗಬೇಕು? 2004ರಲ್ಲಿ ಪ್ರಾರಂಭವಾದ ‘ಸ್ಟಾರ್‌ಗೇಟ್ ಅಟ್ಲಾಂಟಿಸ್’ ಎಂಬ ದೂರದರ್ಶನದ ಮಾಲೆಯವರು ಇದನ್ನು ಅರಿತಿದ್ದರು. ಅದರಲ್ಲಿ ಬಾಗಿಲಿದೆ, ಆದರೆ ಮತ್ತೊಂದು ಗೆಲಾಕ್ಸಿಗೆ ಅದನ್ನು ತೆರೆಯಲು ಅಪಾರವಾದ ಶಕ್ತಿ ಬೇಕು. ಹೊರಟವರಿಗೆ ಹಿಂದಿರುಗುವ ಭರವಸೆಯಿಲ್ಲ.

ಎರಡನೆಯ ಗೆಲಾಕ್ಸಿ ಬೇಕೇ ಬೇಕೆಂಬ ತರುಣರಿಗೆ ನಾವು ದೇವಯಾನಿಗಿಂತ ಹತ್ತಿರದ ಜಾಗವೊಂದನ್ನು ಸೂಚಿಸುತ್ತೇವೆ. ದೊಡ್ಡ ಮೆಗೆಲನ್ ಮೋಡವು 1,60,000 ಜ್ಯೋತಿರ್ವರ್ಷಗಳ ದೂರದಲ್ಲಿರುವ ಪುಟ್ಟ ಗೆಲಾಕ್ಸಿ. 1987ರಲ್ಲಿ ಬರಿಗಣ್ಣಿಗೂ ಕಂಡ ಸೂಪರ್‌ನೋವಾ ಸಿಡಿದದ್ದು ಅಲ್ಲಿಯೇ. ಅಲ್ಲಿನ ಗ್ರಹವೊಂದರ ಅಂಗಳದಲ್ಲಿ ನಿಂತ ಹುಡುಗಿಗೆ ನಮ್ಮ ಆಕಾಶಗಂಗೆಯು ಇಡಿಯಾಗಿ, ಓರೆಯಾಗಿ ಹಿಡಿದ ಸುರುಳಿಯಂತೆ, ಎಪ್ಪತ್ತು ಹುಣ್ಣಿಮೆಯ ಚಂದ್ರರನ್ನು ಸಾಲಾಗಿಟ್ಟಷ್ಟು ಅಗಲಕ್ಕೆ ಕಾಣಬೇಕು. ನಾವು ಅದರೊಳಗೇ ಇರುವುದರಿಂದ ಆ ನೋಟವನ್ನು ಎಂದೂ ಕಾಣಲಾರೆವು. ಅಂಥ ಒಂದು ರಾತ್ರಿಯ ವರ್ಣನೆ ಈ ಮಾಸಿಕದ ವಿಳಾಸಕ್ಕೆ ಬಂದರೆ ನಾವು ಬಹಳ ಆಸಕ್ತಿಯಿಂದ ಓದುತ್ತೇವೆ.