ಮದರಂಗಿ: ಪೊಟ್ಟಣದ ನುಡಿ, ಪುಡಿಯ ನಡೆ

ಶ್ರಾವಣ ಮಾಸ ಸಮೀಪಿಸಿದಂತೆ ಮಠದ ಅಂಗಳದಲ್ಲಿ ಪ್ರವಚನದ ಸಿದ್ಧತೆ ನಡೆದರೆ, ಮನೆಗಳಲ್ಲಿ ಪಂಚಮಿಯ ಸಿದ್ಧತೆ ನಡೆಯುತ್ತದೆ. ತವರಿಗೆ ಬಂದ ಹೆಣ್ಣುಮಕ್ಕಳು ಅಂಗೈಗೆ ಮದರಂಗಿ ಹಚ್ಚಿಕೊಳ್ಳುತ್ತಾರೆ. ನಡುವಯಸ್ಸು ದಾಟಿದವರು ಅದನ್ನು ತಲೆಗೂ ಹಚ್ಚಿಕೊಳ್ಳುವುದು ಈಗ ಸಾಮಾನ್ಯವಾಗಿದೆ. ಇದರಲ್ಲಿ ಪುರುಷರೂ ಹಿಂದೆ ಬಿದ್ದಿಲ್ಲ. ಹೀಗಾಗಿ ಈ ದಿನಗಳಲ್ಲಿ ಭಕ್ತರಿಂದ ನಮಗೆ ಪದೇ ಪದೇ ಬರುವ ಪ್ರಶ್ನೆ ಒಂದೇ: “ಯಾವ ಕಂಪನಿಯ ಮೆಹೆಂದಿ ಒಳ್ಳೆಯದು?”

ಪ್ರಶ್ನೆ ಸಣ್ಣದೆಂದು ತೋರಬಹುದು. ನಮಗೂ ಹಾಗೆಯೇ ತೋರಿತ್ತು. ಆದರೆ ನಮ್ಮ ಬಳಗದ ಹಿರಿಯ ತಾಯಿಯೊಬ್ಬರು ಮಗನ ಮದುವೆಗೆ ಎರಡು ದಿನ ಮುಂಚೆ ‘ಕಪ್ಪು ಮೆಹೆಂದಿ’ ಎಂಬ ಹೆಸರಿನ ಪುಡಿಯನ್ನು ತಲೆಗೆ ಹಚ್ಚಿಕೊಂಡರು. ಅದೇ ರಾತ್ರಿ ನೆತ್ತಿಯಲ್ಲಿ ತುರಿಕೆ ಆರಂಭವಾಯಿತು. ಮದುವೆಯ ಬೆಳಿಗ್ಗೆ ಹಣೆ ಊದಿಕೊಂಡು, ಎರಡೂ ಕಣ್ಣುಗಳ ರೆಪ್ಪೆಗಳು ಮುಚ್ಚಿಹೋಗಿದ್ದವು. ಮಗನ ತಲೆಯ ಮೇಲೆ ಅಕ್ಷತೆ ಬೀಳುವುದನ್ನು ಆ ತಾಯಿ ಕಣ್ಣಾರೆ ಕಾಣಲಾಗಲಿಲ್ಲ. “ನಾನು ಯಾವ ಬಣ್ಣವನ್ನೂ ಹಚ್ಚಿಲ್ಲ, ಬರೀ ಮದರಂಗಿ ಹಚ್ಚಿದ್ದೆ” ಎಂದೇ ಅವರು ವೈದ್ಯರ ಮುಂದೆ ಹೇಳಿದರು. ಅವರು ಸುಳ್ಳಾಡಿರಲಿಲ್ಲ, ಪೊಟ್ಟಣ ಅವರಿಗೆ ಸುಳ್ಳು ಹೇಳಿತ್ತು. ಅದರ ಹಿಂಬದಿಯಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ, ಪ್ಯಾರಾ-ಫೆನಿಲಿನ್‌ಡೈಅಮೀನ್ ಎಂಬ ರಾಸಾಯನಿಕದ ಹೆಸರು ಅಚ್ಚಾಗಿತ್ತು.

ಆ ಘಟನೆಯ ನಂತರ ನಾವು ಈ ಪ್ರಶ್ನೆಗೆ ಉತ್ತರಿಸುವ ರೀತಿಯನ್ನೇ ಬದಲಿಸಿಕೊಂಡಿದ್ದೇವೆ. ಮೆಹೆಂದಿಯನ್ನು ಹೋಲಿಸಬೇಕಾದುದು ಕಂಪನಿಯ ಹೆಸರಿನಿಂದಲ್ಲ, ಒಳಗಿರುವ ಪದಾರ್ಥದಿಂದ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಎಲೆಯ ಸ್ವಭಾವ

ಮದರಂಗಿ, ಗೋರಂಟಿ, ಮೆಹೆಂದಿ ಎಂದು ನಾವು ಕರೆಯುವ ಗಿಡದ ಸಸ್ಯಶಾಸ್ತ್ರೀಯ ಹೆಸರು ಲಾಸೋನಿಯಾ ಇನರ್ಮಿಸ್. ಸಂಸ್ಕೃತದಲ್ಲಿ ಅದು ಮದಯಂತಿಕಾ. ಅದರ ಎಲೆಯಲ್ಲಿ ಲಾಸೋನ್ ಎಂಬ ವರ್ಣದ್ರವ್ಯವಿದೆ. ಒಣಗಿದ ಎಲೆಯಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಶೇ. 1ರಿಂದ 2ರಷ್ಟು. ನೀರಿನಲ್ಲಿ ನೆನೆದಾಗ ಈ ದ್ರವ್ಯ ಎಲೆಯಿಂದ ಬಿಡುಗಡೆಯಾಗಿ, ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನೊಂದಿಗೆ ಕೂಡಿಕೊಳ್ಳುತ್ತದೆ. ಬರುವ ಬಣ್ಣ ಕಿತ್ತಳೆ ಅಥವಾ ಕೆಂಪು, ಹೆಚ್ಚೆಂದರೆ ಕೆಂಗಂದು. ಕಪ್ಪು ಕೊಡುವ ಗುಣ ಈ ಎಲೆಗೆ ಇಲ್ಲವೇ ಇಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಂಡವರು ಮಾರುಕಟ್ಟೆಯಲ್ಲಿ ಅರ್ಧ ಮೋಸದಿಂದ ಪಾರಾದಂತೆಯೇ.

ನಮ್ಮ ದೇಶದ ಮದರಂಗಿಯ ಬಹುಪಾಲು ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಸೀಮೆಯಲ್ಲಿ ಬೆಳೆಯುತ್ತದೆ. ಸೋಜತ್ ಮೆಹೆಂದಿಗೆ 2021ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಅಂಗಡಿಯಲ್ಲಿ ಬೇರೆ ಬೇರೆ ಹೆಸರಿನಿಂದ ಸಾಲಾಗಿ ನಿಂತ ಹಲವು ಪೊಟ್ಟಣಗಳ ಎಲೆ ಬಂದಿರುವುದು ಅದೇ ಸೀಮೆಯಿಂದ. ಹಾಗಿದ್ದರೂ ಫಲಿತಾಂಶ ಭಿನ್ನವಾಗುವುದಕ್ಕೆ ಕಾರಣಗಳು ಮೂರು: ಎಲೆಯ ತಾಜಾತನ, ಪುಡಿಯ ನಯ, ಮತ್ತು ಎಲೆಯ ಜೊತೆಗೆ ಬೆರೆಸಿದ ಪದಾರ್ಥ. ಮೂರನೆಯದೇ ಎಲ್ಲಕ್ಕಿಂತ ಮುಖ್ಯ.

ನಾಲ್ಕು ಪೊಟ್ಟಣಗಳ ಹೋಲಿಕೆ

“ಅವರಿಗೆ ಚೆನ್ನಾಗಿ ಬಂತು, ನನಗೆ ಬರಲಿಲ್ಲ” ಎಂಬ ಮಾತಿನಿಂದ ಯಾವ ಪುಡಿಯನ್ನೂ ಅಳೆಯಲಾಗದು. ಒಬ್ಬರ ಕೂದಲು ಪೂರ್ಣ ಬೆಳ್ಳಗಿರುತ್ತದೆ, ಮತ್ತೊಬ್ಬರದು ಅರ್ಧ ಕಪ್ಪು. ಒಬ್ಬರು ಒಂದು ತಾಸು ಇಟ್ಟುಕೊಂಡರೆ ಇನ್ನೊಬ್ಬರು ನಾಲ್ಕು ತಾಸು. ಆದ್ದರಿಂದ ನಾವು ಒಬ್ಬರೇ ಹಿರಿಯರ ಬಾಚಣಿಗೆಯಲ್ಲಿ ಉದುರಿದ ಬಿಳಿಗೂದಲನ್ನು ಹಲವು ದಿನ ಕೂಡಿಟ್ಟು, ಸೀಗೆಪುಡಿಯಿಂದ ತೊಳೆದು, ನಾಲ್ಕು ಸಣ್ಣ ಎಳೆಗಳಾಗಿ ದಾರದಿಂದ ಕಟ್ಟಿದೆವು. ನಾಲ್ಕು ಬಗೆಯ ಪುಡಿಗಳನ್ನು ಒಂದೇ ನೀರಿನಲ್ಲಿ ಕಲಸಿ, ಪ್ರತಿ ಪೊಟ್ಟಣದ ಸೂಚನೆಯಂತೆಯೇ ಹಚ್ಚಿ ನೋಡಿದೆವು.

ಮೊದಲನೆಯದು ಎಲೆಪುಡಿ ಮಾತ್ರ ಇದ್ದದ್ದು. ತೊಳೆದಾಗ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಬಂದಿತು. ಮೂರನೆಯ ದಿನಕ್ಕೆ ಗಾಳಿಯ ಸಂಪರ್ಕದಿಂದ ಅದು ಮಾಗಿ ಕೆಂಗಂದಾಯಿತು. ಹತ್ತು ಸಲ ತೊಳೆದರೂ ಹೆಚ್ಚು ಮಾಸಲಿಲ್ಲ.

ಎರಡನೆಯದು ನೆಲ್ಲಿ, ಸೀಗೆ, ಬ್ರಾಹ್ಮಿ, ಭೃಂಗರಾಜ, ಮೆಂತ್ಯ ಮುಂತಾದವು ಬೆರೆತ ಪುಡಿ. ಬಣ್ಣ ಸ್ವಲ್ಪ ತೆಳುವಾಗಿತ್ತು. ಅದು ಸಹಜ, ಮಿಶ್ರಣದಲ್ಲಿ ಬೇರೆ ಮೂಲಿಕೆಗಳ ಪಾಲು ಹೆಚ್ಚಿದಷ್ಟೂ ಬಣ್ಣ ಕೊಡುವ ಎಲೆಯ ಪಾಲು ಕಡಿಮೆಯಾಗುತ್ತದೆ. ಎಳೆ ಮಾತ್ರ ಮೊದಲನೆಯದಕ್ಕಿಂತ ಮೃದುವಾಗಿತ್ತು.

ಮೂರನೆಯದು ಮದರಂಗಿ ಮತ್ತು ನೀಲಿಗಿಡದ ಎಲೆಗಳ ಜೋಡಿ ಪೊಟ್ಟಣ. ಮೊದಲು ಮದರಂಗಿ, ತೊಳೆದ ಮೇಲೆ ನೀಲಿಯ ಪುಡಿ. ಎರಡೂ ಸೇರಿ ಎಳೆ ಮೊದಲು ಹಸಿರು ಛಾಯೆ ತೋರಿ, ಎರಡು ದಿನಗಳಲ್ಲಿ ಗಾಢ ಕಂದಾಗಿ ಕಪ್ಪಿನ ಹತ್ತಿರಕ್ಕೆ ಬಂದಿತು. ಇದಕ್ಕೆ ಸಮಯವೂ ತಾಳ್ಮೆಯೂ ಬೇಕು.

ನಾಲ್ಕನೆಯದು ‘ಕಪ್ಪು ಮೆಹೆಂದಿ’. ಅರ್ಧ ತಾಸಿನಲ್ಲಿ ಎಳೆ ಕಾಡಿಗೆಯಂತಾಯಿತು. ನೋಡಿದವರೆಲ್ಲ ಇದೇ ಉತ್ತಮವೆಂದರು. ಆದರೆ ಆ ಕಪ್ಪು ಮದರಂಗಿಯದಲ್ಲ. ಪಿಪಿಡಿ ಎಂದು ಸಂಕ್ಷಿಪ್ತವಾಗಿ ಕರೆಯುವ ಅದೇ ಪ್ಯಾರಾ-ಫೆನಿಲಿನ್‌ಡೈಅಮೀನ್ ಮತ್ತು ಬೇರಿಯಂ ಪೆರಾಕ್ಸೈಡ್ ಸೇರಿ ಕೊಟ್ಟ ಬಣ್ಣ. ಎರಡೂ ಹೆಸರುಗಳು ಪೊಟ್ಟಣದ ಮೇಲೆಯೇ ಇದ್ದವು.

ಕಂಪನಿಗಳ ಹೆಸರನ್ನು ನಾವು ಇಲ್ಲಿ ಬೇಕೆಂದೇ ಬರೆದಿಲ್ಲ. ಒಂದೇ ಕಂಪನಿ ಶುದ್ಧ ಎಲೆಪುಡಿಯನ್ನೂ ರಾಸಾಯನಿಕ ಬೆರೆತದ್ದನ್ನೂ ಒಂದೇ ಬಣ್ಣದ ಪೊಟ್ಟಣದಲ್ಲಿ ಮಾರಬಹುದು. ಹೆಸರನ್ನು ನಂಬಿದವರು ಅಲ್ಲಿಯೇ ಎಡವುತ್ತಾರೆ.

ಅಪಾಯದ ಬಗೆ

ಪಿಪಿಡಿ ಎಲ್ಲರಿಗೂ ತೊಂದರೆ ಕೊಡುವುದಿಲ್ಲ. ವರ್ಷಗಟ್ಟಲೆ ಬಳಸಿಯೂ ಆರಾಮವಾಗಿರುವವರು ನಮ್ಮ ನಡುವೆ ಇದ್ದಾರೆ. ಆದರೆ ಹಲವು ಸಲ ಒಗ್ಗಿದ ಮೇಲೆಯೂ ಒಂದು ದಿನ ಇದ್ದಕ್ಕಿದ್ದಂತೆ ಅಲರ್ಜಿ ಕಾಣಿಸಿಕೊಳ್ಳಬಹುದು. ಒಮ್ಮೆ ಬಂದ ಆ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಮುಂದಿನ ಸಲ ಇನ್ನೂ ತೀವ್ರವಾಗಬಹುದು. ಯುರೋಪಿನ ಒಕ್ಕೂಟದಲ್ಲಿ ಕೂದಲಿಗೆ ಹಚ್ಚುವ ಮಿಶ್ರಣದಲ್ಲಿ ಇದು ಶೇ. 2ನ್ನು ಮೀರುವಂತಿಲ್ಲ, ಚರ್ಮಕ್ಕೆ ಹಚ್ಚುವ ಬಣ್ಣಗಳಲ್ಲಿ ಇರಲೇಬಾರದು. ನಮ್ಮ ದೇಶದ ನಿಯಮದಂತೆಯೂ ಇದನ್ನು ಹೊಂದಿರುವ ಕೂದಲ ಬಣ್ಣದ ಮೇಲೆ ಎಚ್ಚರಿಕೆಯನ್ನು ಮುದ್ರಿಸಬೇಕು. ಮೊದಲು ಚರ್ಮದ ಮೇಲೆ ಪರೀಕ್ಷಿಸಬೇಕು, ಹುಬ್ಬು ಮತ್ತು ರೆಪ್ಪೆಗೂದಲಿಗೆ ಹಚ್ಚಬಾರದು ಎಂಬುದು ಅದರ ಸಾರ. ಈ ಪುಡಿ ಹೊಟ್ಟೆಗೆ ಹೋದರೆ ಗಂಟಲು ಊದಿ ಉಸಿರು ಕಟ್ಟಬಹುದು, ಮೂತ್ರಪಿಂಡಗಳು ಕೆಡಬಹುದು. ಮಕ್ಕಳ ಕೈಗೆ ಎಟಕುವಲ್ಲಿ ಇದನ್ನು ಎಂದಿಗೂ ಇಡಬಾರದು.

ಬಣ್ಣವನ್ನು ಬಣ್ಣವೆಂದೇ ಹೇಳಿ ಮಾರುವವರ ಮೇಲೆ ನಮಗೆ ಆಕ್ಷೇಪವಿಲ್ಲ. ಅದನ್ನು ಕೊಳ್ಳುವವರು ತಿಳಿದೇ ಕೊಳ್ಳುತ್ತಾರೆ, ಪರೀಕ್ಷಿಸಿಯೇ ಹಚ್ಚುತ್ತಾರೆ. ಆದರೆ ಮುಂಬದಿಯಲ್ಲಿ ಹಸಿರು ಎಲೆಯ ಚಿತ್ರ, ‘ಗಿಡಮೂಲಿಕೆ’ ಎಂಬ ದೊಡ್ಡ ಅಕ್ಷರ, ಹಿಂಬದಿಯಲ್ಲಿ ಕಾಣದಂತೆ ರಾಸಾಯನಿಕದ ಹೆಸರು, ಇದು ಕೊಳ್ಳುವವರ ಎಚ್ಚರಿಕೆಯನ್ನೇ ಕಸಿದುಕೊಳ್ಳುವ ಕೆಲಸ. ನುಡಿದಂತೆ ನಡೆಯುವುದು ಶರಣರು ನಮಗೆ ಕಲಿಸಿದ ಮೊದಲ ಪಾಠ. ಅದು ಮನುಷ್ಯನಿಗೆ ಹೇಗೋ ಮನುಷ್ಯನ ವ್ಯಾಪಾರಕ್ಕೂ ಹಾಗೆಯೇ. ವ್ಯಾಪಾರವೂ ಒಂದು ಕಾಯಕ. ಸತ್ಯವಿಲ್ಲದಲ್ಲಿ ಅದು ಕಾಯಕವೆನಿಸುವುದಿಲ್ಲ.

ಕೊಳ್ಳುವಾಗ, ಹಚ್ಚುವಾಗ

ಪೊಟ್ಟಣದ ಹಿಂಬದಿಯನ್ನು ಮೊದಲು ಓದಬೇಕು. ಪದಾರ್ಥಗಳ ಪಟ್ಟಿ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಓದಲು ಆಗದಿದ್ದರೆ ಮಕ್ಕಳಿಂದ, ಮೊಮ್ಮಕ್ಕಳಿಂದ ಓದಿಸಬೇಕು. ಲಾಸೋನಿಯಾ ಇನರ್ಮಿಸ್ ಒಂದೇ ಇದ್ದರೆ ಅದು ಬರೀ ಮದರಂಗಿ. ಇಂಡಿಗೋಫೆರಾ ಎಂದಿದ್ದರೆ ನೀಲಿಯ ಎಲೆ. ಫೆನಿಲಿನ್‌ಡೈಅಮೀನ್, ಪಿಕ್ರಮೇಟ್, ಪೆರಾಕ್ಸೈಡ್ ಎಂಬ ಪದಗಳು ಕಂಡರೆ ಅದು ರಾಸಾಯನಿಕ ಬಣ್ಣ. ಪಟ್ಟಿಯೇ ಇಲ್ಲದ ಪೊಟ್ಟಣವನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ತಯಾರಾದ ದಿನಾಂಕವನ್ನೂ ನೋಡಬೇಕು. ಹಳೆಯ ಪುಡಿ ಹಸಿರು ಕಳೆದುಕೊಂಡು ಕಂದಾಗಿರುತ್ತದೆ, ಬಣ್ಣವನ್ನೂ ಕಡಿಮೆ ಕೊಡುತ್ತದೆ. ಇನ್ನು ಕೆಲವರು ಹಳೆಯ ಪುಡಿಗೆ ಹಸಿರು ಬಣ್ಣ ಬೆರೆಸುತ್ತಾರೆ. ಬಿಳಿ ಬಟ್ಟೆಯ ಮೇಲೆ ಚಿಟಿಕೆ ಪುಡಿ ಇಟ್ಟು ನೀರು ಹನಿಸಿದಾಗ ತಕ್ಷಣ ಗಾಢ ಹಸಿರು ಹರಡಿದರೆ ಅನುಮಾನಿಸಬೇಕು. ಒಂದು ಲೋಟ ನೀರಿನಲ್ಲಿ ಕದಡಿದರೆ ಮರಳು ತಳದಲ್ಲಿ ನಿಲ್ಲುತ್ತದೆ.

ಎಲೆಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಬೇಕಿದ್ದರೆ ಸ್ವಲ್ಪ ನಿಂಬೆರಸ ಸೇರಿಸಿ ಕಲಸಿ, ಆರೇಳು ತಾಸು ಮುಚ್ಚಿಡಬೇಕು. ಕುದಿಯುವ ನೀರು ಬೇಡ. ನಮ್ಮ ಹಿರಿಯರು ಕಬ್ಬಿಣದ ಬಾಣಲೆಯಲ್ಲಿ ಚಹಾದ ಕಷಾಯದೊಂದಿಗೆ ನೆನೆಸುತ್ತಿದ್ದರು. ಕಬ್ಬಿಣದ ಅಂಶ ಸೇರಿ ಬಣ್ಣ ಗಾಢವಾಗುತ್ತದೆಂಬ ಅವರ ಅನುಭವದಲ್ಲಿ ಹುರುಳಿದೆ. ನೀಲಿಯ ಪುಡಿಯನ್ನು ಮಾತ್ರ ಹಾಗೆ ನೆನೆಸಿಡಬಾರದು. ಕಲಸಿದ ಕಾಲು ತಾಸಿನಲ್ಲಿ ಹಚ್ಚಬೇಕು. ಯಾವುದೇ ಪುಡಿಯಾಗಲಿ, ಮೊದಲು ಕಿವಿಯ ಹಿಂದೆ ಅಥವಾ ಮುಂಗೈಯ ಒಳಬದಿಗೆ ಚಿಟಿಕೆಯಷ್ಟು ಹಚ್ಚಿ ಎರಡು ದಿನ ಕಾಯಬೇಕು. ಮದುವೆ, ಜಾತ್ರೆ, ಲಿಂಗದೀಕ್ಷೆಯ ಮುನ್ನಾದಿನ ಹೊಸ ಪುಡಿಯನ್ನು ಎಂದಿಗೂ ಪ್ರಯೋಗಿಸಬಾರದು. ಶೀತ, ಉಬ್ಬಸ ಇರುವವರು ತಾಸುಗಟ್ಟಲೆ ಒದ್ದೆ ತಲೆಯಲ್ಲಿ ಕೂರಬಾರದು. ಜಿ6ಪಿಡಿ ಕಿಣ್ವದ ಕೊರತೆಯಿರುವವರಲ್ಲಿ, ಅದರಲ್ಲೂ ಶಿಶುಗಳಲ್ಲಿ, ಶುದ್ಧ ಮದರಂಗಿಯೂ ರಕ್ತಕಣಗಳನ್ನು ಒಡೆಯಬಲ್ಲದು. ಆದ್ದರಿಂದ ಹಸುಗೂಸುಗಳಿಗೆ ಅದನ್ನು ಹಚ್ಚುವುದು ಬೇಡ.

ಮದರಂಗಿ ಕೂದಲನ್ನು ಬೆಳೆಸುತ್ತದೆ, ಉದುರುವುದನ್ನು ನಿಲ್ಲಿಸುತ್ತದೆ ಎಂಬ ಭರವಸೆಗಳನ್ನು ನಾವು ಒಪ್ಪುವುದಿಲ್ಲ. ಅದು ಎಳೆಯ ಮೇಲೆ ಪದರವಾಗಿ ಕೂತು ಕೂದಲು ದಪ್ಪವಾದಂತೆ ತೋರಿಸುತ್ತದೆ, ಅಷ್ಟೇ. ಪದೇ ಪದೇ ಹಚ್ಚಿದರೆ ಕೂದಲು ಒರಟಾಗುವುದೂ ಉಂಟು. ತೊಳೆದ ಮರುದಿನ ಎಣ್ಣೆ ಹಚ್ಚುವುದು ಒಳ್ಳೆಯದು.

ಕೊನೆಯದಾಗಿ ಒಂದು ಮಾತು. ಆ ತಾಯಿ ಈಗ ತಲೆಗೆ ಏನನ್ನೂ ಹಚ್ಚುವುದಿಲ್ಲ. ಬಿಳಿಗೂದಲಿನಲ್ಲೇ, ಹಣೆಯ ತುಂಬ ವಿಭೂತಿ ಧರಿಸಿ, ಸೋಮವಾರದ ಪೂಜೆಗೆ ಬರುತ್ತಾರೆ. ಎಲ್ಲರೂ ಅವರಂತೆ ಇರಬೇಕೆಂದು ನಾವು ಹೇಳುತ್ತಿಲ್ಲ. ಹಚ್ಚಿಕೊಳ್ಳುವವರು ಹಚ್ಚಿಕೊಳ್ಳಲಿ, ಕೆಂಪಾದರೆ ಅದು ಎಲೆಯ ಗುಣವೆಂದು ಒಪ್ಪಿಕೊಳ್ಳಲಿ. ಅರ್ಧ ತಾಸಿನಲ್ಲಿ ಕಪ್ಪು ಮಾಡುವ ‘ಮೆಹೆಂದಿ’ಯನ್ನು ಮಾತ್ರ ಕೈಗೆತ್ತಿಕೊಂಡೊಡನೆ ತಿರುಗಿಸಿ ಹಿಂಬದಿಯನ್ನು ಓದಲಿ. ಈ ಪಂಚಮಿಗೆ ಭಕ್ತರೆಲ್ಲರಲ್ಲಿ ನಮ್ಮ ವಿನಂತಿ ಇಷ್ಟೇ.